ದಿಲ್‌ಪಸಂದಿನೊಳಗೊಂದು ಅವರೆಕಾಳು

ತುಮಕೂರಿನಲ್ಲಿ ಫ್ರೆಂಚ್ ಟೀಚರಾಗಿರುವುದು ಎಂಥ ಕೆಲಸ ಎಂದು ಯಾರಾದರೂ ಕೇಳಿದರೆ, ಕೇಳುವವರಿಲ್ಲದ ಊರಿನಲ್ಲಿ ಹರಿಕಥೆ ಮಾಡುವ ಕೆಲಸ ಎನ್ನುತ್ತೇನೆ. ದಿನಾ ಬೆಳಿಗ್ಗೆ ಗುಬ್ಬಿಯಲ್ಲಿ ಬಸ್ಸು ಹತ್ತಿ ತುಮಕೂರಿಗೆ ಹೋಗುತ್ತೇನೆ. ಅಲ್ಲಿ ಒಂದು ಖಾಸಗಿ ಶಾಲೆಯ ಮಕ್ಕಳಿಗೆ ಫ್ರೆಂಚ್ ಪಾಠ ಮಾಡಿ ಸಂಜೆ ವಾಪಸು ಬರುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು ಊರು, ಮನೆ, ಮದುವೆ ಎಲ್ಲ ವಿಚಾರಿಸಿ ಕೊನೆಗೆ "ಯಾವ ಸಬ್ಜೆಕ್ಟು ಮೇಡಂ?" ಎನ್ನುತ್ತಾರೆ. ಫ್ರೆಂಚ್ ಎಂದ ಕೂಡಲೇ "ಅಯ್ಯೋ, ಅದ್ಯಾಕ್ ಮೇಡಂ ನಮ್ ಮಕ್ಳಿಗೆ?" ಎಂದು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರಂತೂ "ಎಲ್ಲಿ, ಒಂದೆರಡ್ ಮಾತಾಡಿ ನೋಡಾಣ" ಎನ್ನುತ್ತಾರೆ, ಕೋಲೆಬಸವನಿಗೆ ತಲೆ ಆಡಿಸು ಎಂದ ಹಾಗೆ. ನನಗೆ ಮೈಯೆಲ್ಲ ಉರಿಯುತ್ತದೆ. ಗಂಟಲು ಸರಿಯಿಲ್ಲ ಎಂದು ಹೇಳಿ ಕಿಟಕಿ ಕಡೆ ತಿರುಗಿಬಿಡುತ್ತೇನೆ.

ಆದರೆ ಮಾತಾಡುವ ಆಸೆ ಇಲ್ಲವೆಂದಲ್ಲ. ಆಸೆ ಕತ್ತಿನವರೆಗೆ ಇದೆ. ಮನೆಯಲ್ಲಿ ನಾನೊಬ್ಬಳೇ. ಹಾಲು ಉಕ್ಕಿದರೆ ಫ್ರೆಂಚಿನಲ್ಲಿ ಅಯ್ಯೋ ಅನ್ನುತ್ತೇನೆ. ದೋಸೆ ಏಳದಿದ್ದರೆ ಕಾವಲಿಗೆ ಫ್ರೆಂಚಿನಲ್ಲೇ ಬೈಯುತ್ತೇನೆ. ಅಮ್ಮ ಇದ್ದಾಗ ಹಜಾರದಿಂದಲೇ "ಏನೇ ಅದು ಮೂಗ್ನಾಗೆ ಮಾತಾಡ್ತೀಯ, ನೆಗಡಿ ಆಗೈತೇನೇ?" ಎನ್ನುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು. ಅವಳು ತೀರಿಕೊಂಡ ಮೇಲೆ ಹಾಗೆ ಕೇಳುವವರೂ ಇಲ್ಲ. ಒಂದು ಭಾಷೆ ಬಾಯಲ್ಲಿದ್ದು ಅದನ್ನು ಕೇಳಿಸಿಕೊಳ್ಳುವ ಇನ್ನೊಂದು ಕಿವಿ ಇಲ್ಲದಿರುವುದು ಎಂಥ ಒಂಟಿತನ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ಒಂದು ಕಿವಿ ಇತ್ತು. ಅದು ಕುಣಿಗಲ್‌ನಲ್ಲಿತ್ತು.

ನನ್ನ ಆ ಗೆಳತಿ ಅಮೃತೂರಿನ ಹುಡುಗಿ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದಾಗ ಒಂದು ಲೇಡೀಸ್ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಇಬ್ಬರೂ ಹಗಲು ಸಣ್ಣಪುಟ್ಟ ಕೆಲಸ ಮಾಡಿ ಸಂಜೆ ಫ್ರೆಂಚ್ ಕಲಿಯಲು ಹೋಗುತ್ತಿದ್ದೆವು. ಯಾಕೆ ಫ್ರೆಂಚ್ ಎಂದರೆ, ಅವಳು ಹೇಳುತ್ತಿದ್ದ ಕಾರಣ ಇದು: "ನಮ್ಮೂರಲ್ಲಿ ಯಾರಿಗೂ ಬರ್ದೇ ಇರೋದ್ ಒಂದಾದ್ರೂ ನಂಗೆ ಬರ್ಬೇಕು ಕಣೇ." ನನಗೆ ಅಷ್ಟು ಒಳ್ಳೆಯ ಕಾರಣವೂ ಇರಲಿಲ್ಲ. ಅವಳು ಹೋದಳು ಅಂತ ನಾನೂ ಹೋದೆ. ವರ್ಷ ತುಂಬುವುದರೊಳಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು: ನಾವಿಬ್ಬರೇ ಇರುವಾಗ ಫ್ರೆಂಚ್ ಬಿಟ್ಟು ಬೇರೆ ಮಾತಿಲ್ಲ. ಹಾಸ್ಟೆಲ್ಲಿನ ಸಾಂಬಾರನ್ನು ವಾರ್ಡನ್ ಎದುರಿಗೇ ಫ್ರೆಂಚಿನಲ್ಲಿ ಬೈದುಕೊಂಡು ಉಣ್ಣುತ್ತಿದ್ದೆವು. ಪಾಪ, ಆ ವಾರ್ಡನ್, ನಾವು ಓದಿನ ವಿಷಯ ಮಾತಾಡುತ್ತಿದ್ದೇವೆಂದು ತಿಳಿದು ಇನ್ನೊಂದು ಸೌಟು ಬಡಿಸುತ್ತಿದ್ದರು.

ಜನವರಿಯ ಹಬ್ಬವನ್ನು ಕಂಡುಹಿಡಿದವಳೂ ಅವಳೇ. ಫ್ರಾನ್ಸಿನಲ್ಲಿ ಹೊಸ ವರ್ಷದ ಮೊದಲ ದಿನಗಳಲ್ಲಿ ಗಾಲೆತ್ ಎಂದು ಒಂದು ದುಂಡನೆಯ, ಪದರು ಪದರಾದ ಕೇಕು ಮಾಡುತ್ತಾರೆ. ಅದರೊಳಗೆ ಒಂದೇ ಒಂದು ಕಾಳು ಬಚ್ಚಿಟ್ಟಿರುತ್ತಾರೆ. ಮನೆಯ ಕಿರಿಯ ಮಗು ಮೇಜಿನ ಕೆಳಗೆ ಕೂತು, ಯಾವ ತುಂಡು ಯಾರಿಗೆ ಎಂದು ಕೂಗುತ್ತದೆ. ಕಾಳು ಸಿಕ್ಕವರು ಆ ದಿನದ ರಾಜ ಅಥವಾ ರಾಣಿ. ಅವರಿಗೆ ಕಾಗದದ ಕಿರೀಟ. ಮುಂದಿನ ಸಲದ ಕೇಕು ಅವರೇ ತರಬೇಕು. ಇನ್ನೂ ಒಂದು ಪದ್ಧತಿಯಿದೆ. ಕೂತವರಿಗಿಂತ ಒಂದು ತುಂಡು ಹೆಚ್ಚಿಗೆ ಕತ್ತರಿಸಿ ಇಡುತ್ತಾರೆ. ಅದು ಬಾರದವರ ಪಾಲು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಬಹುದಾದವರ ಪಾಲು.

ಇದನ್ನು ಕ್ಲಾಸಿನಲ್ಲಿ ಕೇಳಿ ಬಂದ ದಿನ ಅವಳು ಬೇಕರಿಗೆ ಹೋಗಿ ದಿಲ್‌ಪಸಂದ್ ತಂದಳು. ಪದರು ಪದರು, ದುಂಡಗೆ, ಒಳಗೆ ಕೊಬ್ಬರಿ. "ನೋಡೇ, ಇದೇ ಅದು! ನಮ್ಮ ಬೇಕರಿಯೋರು ಯಾವತ್ತಿಂದಲೋ ಮಾಡ್ತಾವ್ರೆ, ಕಾಳು ಹಾಕೋದೊಂದ್ ಮರ್ತವ್ರೆ ಅಷ್ಟೇ." ಜನವರಿಯೆಂದರೆ ಅವರೆಕಾಯಿ ಕಾಲ, ಕಾಳಿಗೇನು ಬರ. ಅವಳೇ ಚಾಕುವಿನಿಂದ ಸೀಳಿ ಒಂದು ಅವರೆಕಾಳು ತುರುಕಿದಳು. ಮೇಜಿಲ್ಲದ್ದರಿಂದ ನಾನು ಮಂಚದ ಕೆಳಗೆ ತೂರಿ ಪಾಲು ಕೂಗಿದೆ. ಮೂರನೆಯ ಪಾಲು ವಾರ್ಡನ್‌ಗೆ. ಒಂದು ವರ್ಷ ಕಾಳು ಅವರಿಗೇ ಸಿಕ್ಕಿತು. "ಥೂ, ಬೇಕರಿಯೋನು ಏನೋ ಕಸ ಬಿಟ್ಟವ್ನೆ" ಎಂದು ಉಗಿದರು. ತಾವು ರಾಣಿಯಾದದ್ದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಆಮೇಲೆ ಅವಳಿಗೆ ಕುಣಿಗಲ್‌ಗೆ ಮದುವೆಯಾಯಿತು. ಅಲ್ಲಿ ಹೊಸದಾಗಿ ಶುರುವಾಗಿದ್ದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಫ್ರೆಂಚ್ ಟೀಚರಾದಳು. ನಾನು ಗುಬ್ಬಿಗೆ, ಅಮ್ಮನ ಜೊತೆಗೆ ಬಂದೆ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಫೋನು. ಮಾತೆಲ್ಲ ಫ್ರೆಂಚಿನಲ್ಲಿ. ಅತ್ತೆಯ ಮೇಲಿನ ದೂರು, ಪ್ರಿನ್ಸಿಪಾಲರ ಮೇಲಿನ ದೂರು, ಸಾರಿಗೆ ಏನು ಹಾಕಿದೆ, ಯಾವ ಸೀರೆ ತಗೊಂಡೆ, ಎಲ್ಲ. ಇಂಥ ಊರುಗಳ ಅಡುಗೆಮನೆ ಮಾತಿಗೆ ಫ್ರೆಂಚಿನಲ್ಲಿ ಪದ ಎಲ್ಲಿಂದ ಬರಬೇಕು? ಇಲ್ಲದ ಕಡೆ ಸೊಪ್ಪಿನ ಹೆಸರು, ಪಾತ್ರೆಯ ಹೆಸರು ಕನ್ನಡದ್ದೇ ತುರುಕುತ್ತಿದ್ದೆವು. ವಾರದ ಉಳಿದ ದಿನಗಳನ್ನು ನಾನು ಆ ಭಾನುವಾರಕ್ಕಾಗಿಯೇ ಕಳೆಯುತ್ತಿದ್ದೆ.

ಮೂರು ವರ್ಷದ ಹಿಂದೆ ಅವಳ ಶಾಲೆ ಫ್ರೆಂಚನ್ನು ಕೈಬಿಟ್ಟಿತು. ಅವಳಿಗೆ ಮೂರನೆಯ ಕ್ಲಾಸಿನ ಪರಿಸರ ಅಧ್ಯಯನ ಕೊಟ್ಟರು. ಅದಾದ ಮೇಲಿನ ಭಾನುವಾರ ನಾನು ಎಂದಿನಂತೆ ಫ್ರೆಂಚಿನಲ್ಲಿ ಶುರು ಮಾಡಿದೆ. ಅವಳು ಕನ್ನಡದಲ್ಲಿ ಉತ್ತರಿಸಿದಳು. ಬೇಜಾರಿನಲ್ಲಿದ್ದಾಳೆ, ಸರಿಹೋಗುತ್ತಾಳೆ ಅಂದುಕೊಂಡೆ. ಮುಂದಿನ ವಾರವೂ ಹಾಗೇ. ಆ ಮೇಲಿನ ವಾರವೂ. ನಾನು ಫ್ರೆಂಚಿನಲ್ಲಿ ಕೇಳುವುದು, ಅವಳು "ಹೂಂ ಕಣೇ", "ಆಯ್ತು ಕಣೇ", "ಏನೋ ಒಂದು ಬುಡೇ" ಎನ್ನುವುದು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ಯಾಕೆ ಹೀಗೆ ಮಾಡ್ತೀಯ ಎಂದು. "ಸಾಕ್ ಬುಡೇ, ಯಾರಿಗ್ ಬೇಕಾಗೈತೆ ಅದು" ಎಂದಳು. ನಮ್ಮಿಬ್ಬರಿಗೆ ಬೇಕಾಗಿತ್ತಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ನನಗೂ ಸ್ವಲ್ಪ ಮಾನ ಇದೆ. ಆದರೆ ಪಟ್ಟು ಬಿಡಲಿಲ್ಲ. ಅವಳು ಕನ್ನಡದಲ್ಲಿ ಏನಾದರೂ ಅನ್ನಲಿ, ನಾನು ಫ್ರೆಂಚ್ ಬಿಡುವುದಿಲ್ಲ ಎಂದು ಹಠ ಹಿಡಿದೆ.

ಕಳೆದ ಡಿಸೆಂಬರಿನಲ್ಲಿ ನನ್ನ ಸರದಿ ಬಂತು. ಪ್ರಿನ್ಸಿಪಾಲರು ಚೇಂಬರಿಗೆ ಕರೆದು ಕಾಫಿ ತರಿಸಿದರು. ಅವರು ಕಾಫಿ ತರಿಸಿದರೆಂದರೆ ಒಳ್ಳೆಯ ಸುದ್ದಿಯಲ್ಲ ಎಂದು ಸ್ಟಾಫ್ ರೂಮಿಗೆಲ್ಲ ಗೊತ್ತು. "ಮುಂದಿನ ವರ್ಷದಿಂದ ಥರ್ಡ್ ಲ್ಯಾಂಗ್ವೇಜ್ ಫ್ರೆಂಚ್ ಇರಲ್ಲ ಮೇಡಂ. ಮ್ಯಾನೇಜ್‌ಮೆಂಟ್ ಡಿಸೈಡ್ ಮಾಡಿದೆ. ನಮ್ ಪೇರೆಂಟ್ಸೆಲ್ಲ ಹಿರೇಹಳ್ಳಿ ಫ್ಯಾಕ್ಟರಿಗೆ ಹೋಗೋರು, ಅಂಗಡಿ ಇಟ್ಟಿರೋರು. ಅವರು ಕೇಳ್ತಾರೆ, ಇದರಿಂದ ಏನ್ ಯೂಸ್ ಅಂತ. ನಿಮಗೇನೂ ತೊಂದರೆ ಇಲ್ಲ, ಪ್ರೈಮರಿಗೆ ಇಂಗ್ಲಿಷ್ ತಗೊಳ್ಳಿ." ಆಮೇಲೆ ಸಮಾಧಾನಕ್ಕೆ ಎಂಬಂತೆ, "ಜನವರಿಲಿ ನಿಮ್ ಫ್ರೆಂಚ್ ಕ್ಲಬ್ಬಿಂದು ಒಂದ್ ಲಾಸ್ಟ್ ಪ್ರೋಗ್ರಾಂ ಮಾಡ್ಕೊಳ್ಳಿ ಬೇಕಾದ್ರೆ" ಎಂದರು. ಮಕ್ಕಳಿಗೆ ಈಗಲೇ ಹೇಳಬೇಡಿ ಎಂದೂ ಸೇರಿಸಿದರು. ನಾನು ಕಾಫಿ ಕುಡಿಯದೆ ಎದ್ದು ಬಂದೆ.

ನಮ್ಮ ಕ್ಲಬ್ಬೆಂದರೆ ಶುಕ್ರವಾರದ ಕೊನೆಯ ಪೀರಿಯಡ್ಡು. ಡ್ಯಾನ್ಸ್ ಕ್ಲಬ್ಬಿನಲ್ಲಿ, ಕರಾಟೆಯಲ್ಲಿ ಜಾಗ ಸಿಗದೆ ಉಳಿದ ಒಂದು ಡಜನ್ ಮಕ್ಕಳು. ಅದರಲ್ಲಿ ಕೋರದಿಂದ ಸ್ಕೂಲ್ ವ್ಯಾನಿನಲ್ಲಿ ಬರುವ ಏಳನೆಯ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಬೇಕೆಂದೇ ಸೇರಿದವಳು. ಎರಡು ಜಡೆ, ಮಡಚಿ ಕಟ್ಟಿದ ರಿಬ್ಬನ್ನು, ಬಾಯಿ ಬೊಂಬಾಯಿ. ಆ ವಾರದ ಶುಕ್ರವಾರ ಅವಳು ಎದ್ದು ನಿಂತು, "ಮಿಸ್, ನೀವು ಫ್ರೆಂಚಲ್ಲಿ ಯಾರ್ ಜೊತೆ ಮಾತಾಡ್ತೀರ?" ಎಂದಳು.

"ನನ್ನ ಫ್ರೆಂಡ್ ಜೊತೆ" ಎಂದೆ.

"ಪ್ಯಾರಿಸ್ಸಲ್ಲಿ ಅವ್ರಾ ಮಿಸ್?"

"ಕುಣಿಗಲ್‌ನಲ್ಲಿ."

ಇಡೀ ಕ್ಲಾಸು ಗೊಳ್ಳೆಂದಿತು. ಅವಳು ನಗಲಿಲ್ಲ. "ಕುಣಿಗಲ್ಲಲ್ಲಿ ನಮ್ಮತ್ತೆ ಅವ್ರೆ ಮಿಸ್. ಅಲ್ಲಿ ಯಾರೂ ಫ್ರೆಂಚ್ ಮಾತಾಡಲ್ಲ" ಎಂದು ಖಡಾಖಂಡಿತವಾಗಿ ಹೇಳಿದಳು. ಆಮೇಲೆ, "ಕರ್ಕಂಡ್ ಬನ್ನಿ ಮಿಸ್. ನೀವಿಬ್ರೂ ಮಾತಾಡೋದ್ ನೋಡ್ಬೇಕು. ನಾವ್ ಯಾವತ್ತೂ ನೋಡೇ ಇಲ್ಲ" ಎಂದಳು.

ಆ ಮಾತು ಎದೆಗೆ ನಾಟಿತು. ನಿಜವಲ್ಲವೇ? ವರ್ಷಗಟ್ಟಲೆ ಈ ಮಕ್ಕಳಿಗೆ ಕಲಿಸಿದ್ದೇನೆ. ನಿನ್ನ ಹೆಸರೇನು, ನಿನ್ನ ವಯಸ್ಸೆಷ್ಟು, ನಿನ್ನ ಬೆಕ್ಕಿನ ಬಣ್ಣ ಯಾವುದು ಎಂದು ಪುಸ್ತಕದಲ್ಲಿದ್ದುದನ್ನು ಬಾಯಿಪಾಠ ಮಾಡಿಸಿದ್ದೇನೆ. ಆದರೆ ಇಬ್ಬರು ದೊಡ್ಡವರು ಎದುರುಬದುರು ಕೂತು ಆ ಭಾಷೆಯಲ್ಲಿ ನಕ್ಕು, ಜಗಳವಾಡಿ, ಕಷ್ಟಸುಖ ಹೇಳಿಕೊಳ್ಳುವುದನ್ನು ಅವರು ಒಮ್ಮೆಯೂ ಕಂಡಿಲ್ಲ. ಕಾಣದ ಮೇಲೆ ಅವರಿಗೆ ಅದು ಭಾಷೆ ಎಂದು ಹೇಗೆ ಗೊತ್ತಾಗಬೇಕು? ಕ್ಲಾಸು ಮುಚ್ಚಿದರೆ ಮುಚ್ಚಲಿ, ಹಾಳಾಗಿ ಹೋಗಲಿ. ಅದಕ್ಕೆ ಮೊದಲು ಒಂದು ಸಲ, ಒಂದೇ ಸಲ, ನನ್ನ ಗೆಳತಿ ಬಂದು ಈ ಮಕ್ಕಳ ಮುಂದೆ ನನ್ನ ಜೊತೆ ಮಾತಾಡಬೇಕು. ಮಕ್ಕಳಿಗಾಗಿ ಎಂದು ಹೇಳಿಕೊಂಡೆ. ಸುಳ್ಳೇಕೆ, ನನಗಾಗಿಯೇ.

ಭಾನುವಾರ ಫೋನಿನಲ್ಲಿ ಕೇಳಿದೆ. "ನೋಡಾಣ ಬುಡೇ" ಎಂದಳು. ನೋಡೋಣ ಅಲ್ಲ, ಬಾ ಎಂದು ಫ್ರೆಂಚಿನಲ್ಲಿ ಗದರಿದೆ. "ಆಯ್ತು, ಬತ್ತೀನಿ" ಎಂದಳು.

ಶಾಲೆಯ ಹತ್ತಿರದ ಬೇಕರಿಗೆ ಹೋಗಿ ದೊಡ್ಡ ತಟ್ಟೆಯಗಲದ ದಿಲ್‌ಪಸಂದ್ ಬೇಕೆಂದೆ. ಬೇಕರಿಯ ಯಜಮಾನರು ವಯಸ್ಸಾದವರು, ಹಣೆ ತುಂಬ ವಿಭೂತಿ, ಸದಾ ನಗುಮುಖ. ಟೂಟಿಫ್ರೂಟಿ ಬೇಡ ಎಂದೆ. "ಅದಿಲ್ದಿದ್ರೆ ಮಕ್ಳು ಮೂಸೂ ನೋಡಲ್ಲ ಮೇಡಂ" ಎಂದರು. ಆ ವಾದದಲ್ಲಿ ನಾನು ಸೋತೆ. ಆಮೇಲೆ ಪದ್ಧತಿಯನ್ನೆಲ್ಲ ವಿವರಿಸಿ ಒಂದು ಅವರೆಕಾಳನ್ನು ಅವರ ಕೈಗಿಟ್ಟು, "ಒಂದೇ ಒಂದು. ಅದು ಯಾರ ಪಾಲಿಗೆ ಬರುತ್ತೋ ಅವರೇ ರಾಜ" ಎಂದೆ.

"ಒಂದೇನಾ?" ಎಂದರು.

"ಒಂದೇ."

ಅವರು ಕಾಳನ್ನೂ ನನ್ನನ್ನೂ ನೋಡಿ, "ಆಗ್ಲಿ ಬುಡಿ" ಎಂದರು. ಪದರು ಉದುರದಂತೆ ತಾವೇ ತುಂಡು ಮಾಡಿ ಕಳಿಸುತ್ತೇವೆ ಎಂದೂ ಹೇಳಿದರು. ಮಕ್ಕಳಿಗೆ, ನನಗೆ, ಅವಳಿಗೆ ಎಂದು ಲೆಕ್ಕ ಹೇಳಿ ಬಂದೆ. ಬಾರದವರ ಪಾಲು ಈ ಸಲ ಬೇಡ, ಎಲ್ಲರೂ ಬರುತ್ತಾರೆ ಎಂದುಕೊಂಡೆ.

ಜನವರಿಯ ಕಾರ್ಯಕ್ರಮದ ಶುಕ್ರವಾರ ಮಕ್ಕಳು ಕ್ಲಾಸನ್ನು ಚೆನ್ನಾಗಿಯೇ ಸಿಂಗರಿಸಿದ್ದರು. ರಟ್ಟಿನ ಐಫೆಲ್ ಟವರು ಸ್ವಲ್ಪ ವಾಲಿಕೊಂಡಿತ್ತು. ನೀಲಿ, ಬಿಳಿ, ಕೆಂಪು ಕಾಗದ ತಾ ಎಂದರೆ ಒಬ್ಬ ಆಗಸ್ಟಿನಲ್ಲಿ ಉಳಿದ ಕೇಸರಿ, ಬಿಳಿ, ಹಸಿರು ತಂದು ಅಂಟಿಸಿದ್ದ. ಇನ್ನೊಬ್ಬ ಅಜ್ಜನ ಮಂಕಿ ಕ್ಯಾಪನ್ನು ಮಡಚಿ ಓರೆಯಾಗಿ ಇಟ್ಟುಕೊಂಡು ಥೇಟ್ ಫ್ರೆಂಚ್ ಚಿತ್ರಕಾರನ ಹಾಗೆ ಕಾಣುತ್ತಿದ್ದ. ಕೋರದ ಹುಡುಗಿ ಬೋರ್ಡಿನ ಮುಂದೆ ಎರಡು ಕುರ್ಚಿಗಳನ್ನು ಎದುರುಬದುರು ಹಾಕಿದ್ದಳು. ಕುರ್ಚಿಯ ಧೂಳನ್ನು ತನ್ನ ಕರ್ಚೀಫಿನಲ್ಲಿ ಒರೆಸಿದ್ದಳು.

ನಾನು ಒಂದು ಕುರ್ಚಿಯಲ್ಲಿ ಕೂತೆ. ಅವಳು ಬರಲಿಲ್ಲ.

ಬಸ್ಸು ತಡವಾಗಿರಬೇಕು ಎಂದು ಮಕ್ಕಳಿಂದ ಹಾಡು ಹೇಳಿಸಿದೆ. ಮುಗಿಯಿತು. ಇನ್ನೊಂದು ಸಲ ಹೇಳಿಸಿದೆ. ಫೋನು ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ಮಕ್ಕಳು ಬಾಗಿಲ ಕಡೆ ತಿರುಗುತ್ತಿದ್ದರು. ಒಮ್ಮೆ ಬಂದವರು ಪ್ರಿನ್ಸಿಪಾಲರು. "ಬೇಗ ಮುಗಿಸಿ ಮೇಡಂ, ವ್ಯಾನ್ ಡ್ರೈವರುಗಳು ಕಾಯ್ತಾರೆ" ಎಂದು ಹೋದರು. ಮೂರನೆಯ ಸಲ ಹಾಡು ಹೇಳಿಸಲು ನನಗೇ ನಾಚಿಕೆಯಾಯಿತು. ಕೇಕಿನ ಡಬ್ಬ ತೆರೆದೆ.

ಕ್ಲಬ್ಬಿನ ಪುಟ್ಟ ಹುಡುಗಿ ಮೇಜಿನ ಕೆಳಗೆ ತೂರಿ ಒಬ್ಬೊಬ್ಬರ ಹೆಸರು ಕೂಗಿದಳು. ಎಲ್ಲರ ಕೈಗೂ ತುಂಡು ಬಂತು. ಮೆಲ್ಲಗೆ ಅಗಿಯಿರಿ, ಕಾಳಿದೆ ಎಂದೆ. ಮಂಕಿ ಕ್ಯಾಪಿನವನು ಮೊದಲು ಕೂಗಿದ: "ಮಿಸ್, ನಂಗ್ ಸಿಕ್ತು!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಿರೀಟ ಎತ್ತಿಕೊಂಡೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ "ನಂಗೂ ಸಿಕ್ತು ಮಿಸ್!" ಇನ್ನೊಂದು ಕಡೆಯಿಂದ "ನಂಗೂ!" ಮೇಜಿನ ಕೆಳಗಿಂದ ಪುಟ್ಟ ಹುಡುಗಿ ಕಾಳು ಹಿಡಿದ ಕೈಯನ್ನಷ್ಟೇ ಹೊರಗೆ ಚಾಚಿದಳು. ನಾನು ನನ್ನ ತುಂಡನ್ನು ಮುರಿದು ನೋಡಿದೆ. ಅದರಲ್ಲೂ ಒಂದು ಅವರೆಕಾಳು ತಣ್ಣಗೆ ಕೂತಿತ್ತು.

ಅಲ್ಲಿಂದಲೇ ಬೇಕರಿಗೆ ಫೋನು ಮಾಡಿದೆ. "ಏನ್ ಯಜಮಾನ್ರೇ ಇದು, ಒಂದೇ ಹಾಕಿ ಅಂತ ಬಡ್ಕೊಂಡಿದ್ನಲ್ಲ!"

"ಅಯ್ಯೋ ಮೇಡಂ, ಬಯ್ಯಬ್ಯಾಡಿ" ಎಂದರು. "ನಾನು ಮಠದ ಪಂಕ್ತೀಲಿ ಉಂಡ್ ಬೆಳ್ದೋನು. ಒಂದ್ ಮಗೀಗೆ ಸಿಕ್ಕಿ ಮಿಕ್ಕಿದ್ ಮಕ್ಳು ಬಾಯ್ ಬಾಯ್ ಬಿಡ್ಕಂಡ್ ನೋಡ್ಬೇಕಾ? ಪಂಕ್ತಿಭೇದ ಮಾಡಿದ್ರೆ ಪಾಪ ಬತ್ತದೆ. ಅದ್ಕೇ ತುಂಡಿಗೊಂದು ಅಂತ ನಾನೇ ನಿಂತು ಹಾಕಿಸ್ದೆ. ಎಲ್ಲಾರ್ಗೂ ಸಿಕ್ತಾ? ಒಬ್ರಿಗೂ ತಪ್ಪಿಲ್ವಲ್ಲ?"

ಒಬ್ಬರಿಗೂ ತಪ್ಪಿಲ್ಲ ಎಂದು ಫೋನಿಟ್ಟೆ. ರಾಜರೆಲ್ಲ ಒಂದೇ ಕಿರೀಟಕ್ಕೆ ಕಿತ್ತಾಡಿ, ಆಮೇಲೆ ತಾವೇ ಒಬ್ಬರ ತಲೆಯಿಂದ ಒಬ್ಬರ ತಲೆಗೆ ಇಟ್ಟುಕೊಂಡು ಸಾಗಿಸಿದರು. ಅದು ಕೋರದ ಹುಡುಗಿಯ ತಲೆಗೆ ಬಂದಾಗ ಅವಳಿಗೆ ನಿಯಮ ನೆನಪಾಯಿತು. "ಕಾಳ್ ಸಿಕ್ಕಿದೋರು ಮುಂದಿನ್ ಸಲ ಕೇಕ್ ತರ್ಬೇಕು ಅಂದಿದ್ರಿ ಮಿಸ್. ಹಂಗಾರೆ ಮುಂದಿನ್ ವರ್ಷ ಎಲ್ಲಾರೂ ಒಂದೊಂದ್ ತರ್ಬೇಕು!" ಮಕ್ಕಳು ಹೋ ಎಂದು ಕೂಗಿದರು. ಯಾರ ಕೇಕು ದೊಡ್ಡದು ಎಂದು ಆಗಲೇ ಪೈಪೋಟಿ. ಮುಂದಿನ ವರ್ಷ ಈ ಕ್ಲಾಸೇ ಇರುವುದಿಲ್ಲ ಎಂದು ನಾನು ಹೇಗೆ ಹೇಳಲಿ? "ಹೂಂ, ತನ್ನಿ" ಎಂದೆ.

ಬೆಲ್ಲು ಹೊಡೆದು ಎಲ್ಲರೂ ಬ್ಯಾಗು ಎತ್ತಿಕೊಳ್ಳುವಾಗ ಆ ಹುಡುಗಿ ಖಾಲಿ ಕುರ್ಚಿಯ ಹತ್ತಿರ ಬಂದಳು. "ನಿಮ್ ಫ್ರೆಂಡು ಬರ್ಲಿಲ್ಲ ಅಲ್ವಾ ಮಿಸ್?" ಎಂದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ, ಕನಿಕರವಿತ್ತು. ಅಂಥ ಫ್ರೆಂಡೇ ಇಲ್ಲ ಎಂದು ಅವಳು ತೀರ್ಮಾನಿಸಿದಂತಿತ್ತು. ಕುರ್ಚಿಯಲ್ಲಿ ಕೂತು, ಕಿರೀಟ ಸರಿಮಾಡಿಕೊಂಡು, ನನ್ನ ಹೆಸರು ಕೇಳಿದಳು, ಫ್ರೆಂಚಿನಲ್ಲಿ. ಹೇಳಿದೆ. ಎಲ್ಲಿರುತ್ತೀರಿ ಎಂದಳು. ಗುಬ್ಬಿ ಎಂದೆ. ಬೆಕ್ಕು ಇದೆಯೇ ಎಂದಳು. ಇಲ್ಲ ಎಂದೆ. ಅವಳು ಇನ್ನೇನು ಕೇಳಬೇಕೆಂದು ಚಾವಣಿ ನೋಡಿದಳು. ಪಾಠ ಅಲ್ಲಿಗೇ ಮುಗಿದಿತ್ತು. ವ್ಯಾನಿನ ಹಾರನ್ ಕೇಳಿ ಓಡಿದಳು.

ಉಳಿದ ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡೆ. ಗುಬ್ಬಿ ಬಸ್ಸು ಹತ್ತಬೇಕಾದವಳು ಕುಣಿಗಲ್ ಬಸ್ಸು ಹತ್ತಿದೆ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ದಾರಿಯುದ್ದಕ್ಕೂ ಅವಳಿಗೆ ಏನೇನು ಬೈಯಬೇಕೆಂದು ಫ್ರೆಂಚಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ತುಟಿಯೂ ಅಲ್ಲಾಡುತ್ತಿದ್ದಿರಬೇಕು. ಪಕ್ಕದ ಹೆಂಗಸು "ಯಾವ ದೇವ್ರ ಸ್ತೋತ್ರ ಅಮ್ಮ?" ಎಂದು ಕೇಳಿದಳು. ಹೆಬ್ಬೂರು ದಾಟುವ ಹೊತ್ತಿಗೆ ನನ್ನ ಬೈಗುಳ ಒಳ್ಳೆಯ ಹದಕ್ಕೆ ಬಂದಿತ್ತು.

ಅವಳು ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮದುವೆ ಮನೆಗೆ ಉಡುವ ಸಾಸಿವೆ ಬಣ್ಣದ ರೇಷ್ಮೆ ಸೀರೆ ಮೈಮೇಲಿತ್ತು. ತುರುಬಿನಲ್ಲಿ ಬಾಡಿದ ಕನಕಾಂಬರ. ಅದನ್ನು ನೋಡಿ ಬೈಗುಳ ಬಾಯಲ್ಲೇ ಉಳಿಯಿತು. ಯಾರೂ ರೇಷ್ಮೆ ಸೀರೆ ಉಟ್ಟು ಕಾಯಿ ಸುಲಿಯುವುದಿಲ್ಲ.

"ಬಸ್ ಹತ್ತಿದ್ದೆ ಕಣೇ" ಎಂದಳು, ತಲೆಯೆತ್ತದೆ. "ಹೆಬ್ಬೂರ್ ತಂಕ ಬಂದಿದ್ದೆ."

"ಮತ್ತೆ?" ಎಂದೆ.

"ಏನ್ ಮಾತಾಡ್ಬೇಕು ಅಂತ ಮನಸ್ನಾಗೇ ಹೇಳ್ಕಂತಾ ಬಂದೆ. ನಾಕ್ ಮಾತಾದ್ಮೇಲೆ ಮುಂದಕ್ ಬರ್ಲೇ ಇಲ್ಲ. ತಡಕಾಡ್ದೆ, ತಡಕಾಡ್ದೆ, ಏನೂ ಇಲ್ಲ. ಇಳ್ದು ವಾಪಸ್ ಬಂದ್ಬುಟ್ಟೆ. ಮಕ್ಳ ಮುಂದೆ ನಾನ್ ಬಾಯ್ ಕಟ್ಕಂಡ್ ಕೂತಿದ್ರೆ ನಿನ್ ಮರ್ಯಾದೆ ಏನಾಗ್ತಿತ್ತು?"

"ಮೂರು ವರ್ಷದಿಂದ ಫೋನಲ್ಲಿ…"

"ಅದೇ ಕಣೇ" ಎಂದಳು. "ಬ್ಯಾಡ ಅಂತಲ್ಲ. ಬರ್ತಿರ್ಲಿಲ್ಲ. ಇಸ್ಕೂಲಲ್ಲಿ ದಿನಾ ಆಡ್ತಿದ್ದೆ, ನಿಂತೋಯ್ತು. ಮನೇಲ್ ಯಾರಿದಾರೆ? ಒಂದೊಂದೇ ಉದುರೋಯ್ತು. ನಿಂಗ್ ಗೊತ್ತಾದ್ರೆ ಬೇಜಾರ್ ಮಾಡ್ಕತೀಯ ಅಂತ ಸುಮ್ಕಿದ್ದೆ."

ನನಗೆ ಅಳು ಬಂತು. ಸೊಕ್ಕು ಅಂದುಕೊಂಡಿದ್ದೆ, ಅಸಡ್ಡೆ ಅಂದುಕೊಂಡಿದ್ದೆ. ಪೇಪರು ಬಿಚ್ಚಿ ದಿಲ್‌ಪಸಂದಿನ ತುಂಡು ಕೊಟ್ಟೆ. ಅದನ್ನು ನೋಡಿ ಅವಳ ಮುಖ ಅರಳಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ತಿನ್ನತೊಡಗಿದಳು. ಎರಡನೆಯ ತುತ್ತಿಗೆ ಬಾಯಿ ನಿಲ್ಲಿಸಿ, ಕಾಳನ್ನು ಹೊರಗೆ ತೆಗೆದು, ಅಂಗೈ ಮೇಲಿಟ್ಟುಕೊಂಡಳು.

"ಅಯ್ಯೋ, ನಂಗೇ ಸಿಕ್ತು ಕಣೇ!" ಎಂದಳು. ಎಲ್ಲ ತುಂಡಿನಲ್ಲೂ ಇತ್ತು ಎಂದು ನಾನು ಹೇಳಲಿಲ್ಲ.

ಅವಳು ಕಾಳನ್ನೇ ನೋಡುತ್ತಿದ್ದಳು. "ಇದ್ಕೇನೋ ಅಂತಿದ್ವಲ್ಲೇ ನಾವು" ಎಂದಳು. ನಾನು ಕಾದೆ. ಮಂಚದ ಕೆಳಗೆ ನನ್ನನ್ನು ಕೂರಿಸಿ ಆ ಪದವನ್ನು ಕೂಗಿ ಕೂಗಿ ಹೇಳಿದವಳು ಅವಳೇ. ಅವಳ ಹಣೆ ಸುಕ್ಕಾಯಿತು. ಬುಟ್ಟಿಯ ತುಂಬ ಅದೇ ಕಾಳು ಕೂತಿತ್ತು, ಪದ ಮಾತ್ರ ಇಲ್ಲ.

"ಫೆವ್" ಎಂದೆ.

"ಫೆವ್" ಎಂದಳು, ನನ್ನ ಐದನೆಯ ಕ್ಲಾಸಿನ ಮಕ್ಕಳು ಮೊದಲ ದಿನ ಹೇಳುವ ಹಾಗೆ, ತಪ್ಪಾಯಿತೇನೋ ಎಂದು ನನ್ನ ಮುಖ ನೋಡುತ್ತಾ. ನಾನು ತಲೆಯಾಡಿಸಿದೆ.

"ಹಂಗಾರೆ ಮುಂದಿನ್ ವರ್ಷ ನಾನ್ ತರ್ಬೇಕು. ನಿನ್ ಇಸ್ಕೂಲಿಗೇ ತರ್ಲಾ?" ಎಂದಳು. ಆಗ ನನ್ನ ಕ್ಲಾಸೂ ಮುಚ್ಚುತ್ತದೆ ಎಂದು ಹೇಳಿದೆ. ಅವಳು ಬುಟ್ಟಿಯನ್ನು ನಮ್ಮಿಬ್ಬರ ನಡುವೆ ಸರಿಸಿದಳು. ಕೊನೆಯ ಬಸ್ಸಿನವರೆಗೆ ಇಬ್ಬರೂ ಕಾಯಿ ಸುಲಿದೆವು.

ವಾಪಸು ಬರುವಾಗ ನನಗೆ ಒಂದು ವಿಷಯ ಖಚಿತವಾಯಿತು. ಪ್ರತಿ ವಾರ ನಾನು ಫ್ರೆಂಚಿನಲ್ಲಿ ಮಾತಾಡಿ ಅವಳಿಗೆ ಹಿಂಸೆ ಕೊಡುತ್ತಿದ್ದೇನೆ. ಅವಳ ಕೈಯಿಂದ ಜಾರಿದ್ದನ್ನು ವಾರಾ ವಾರಾ ಕಣ್ಣ ಮುಂದೆ ಹಿಡಿದು ತೋರಿಸಿದಂತೆ. ಸಾಕು. ಫ್ರೆಂಚ್ ಹೋದರೆ ಹೋಗಲಿ, ಅವಳಾದರೂ ಉಳಿಯಲಿ ಎಂದು ತೀರ್ಮಾನಿಸಿದೆ. ಇನ್ನು ಮೇಲೆ ದೋಸೆ ಕಾವಲಿಯೊಂದೇ ಗತಿ.

ಭಾನುವಾರ ತಿಂಡಿಯಾದ ಮೇಲೆ ಫೋನು ಮಾಡಿದೆ. ಅವಳು ಎತ್ತಿದ ಕೂಡಲೇ ಕನ್ನಡದಲ್ಲಿ ಶುರು ಮಾಡಿದೆ. ಇಷ್ಟು ವರ್ಷದಲ್ಲಿ ಅವಳ ಜೊತೆ ಫೋನಿನಲ್ಲಿ ಅದೇ ಮೊದಲು. "ಏನೇ, ತಿಂಡಿ ಆಯ್ತಾ? ಇವತ್ತೇನ್ ಸಾರು?" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಲೈನು ಕಟ್ಟಾಯಿತೇನೋ ಎಂದು "ಹಲೋ" ಎಂದೆ.

"ಯಾಕೇ," ಎಂದಳು. "ನೀನೂ ಬುಟ್ಬುಟ್ಟಾ?"

"ನಿಂಗ್ ಹಿಂಸೆ ಆಗ್ತಿತ್ತಲ್ಲ ಅಂತ…" ಎಂದೆ.

"ನಂಗ್ ಆಡಕ್ ಬರಲ್ಲ ಅಷ್ಟೇ ಕಣೇ. ಕೇಳ್ಸಿದ್ರೆ ಎಲ್ಲಾ ತಿಳೀತದೆ. ವಾರಕ್ಕೊಂದ್ ಸಲ ನೀನ್ ಆಡ್ತಿದ್ಯಲ್ಲ, ಅದೊಂದೇ ನನ್ ಕಿವೀಗ್ ಬೀಳ್ತಿದ್ದಿದ್ದು. ಭಾನುವಾರ ಯಾವಾಗ್ ಬತ್ತದೋ ಅಂತ ಕಾಯ್ತಿರ್ತೀನಿ. ಆಡೇ."

ಒಲೆಯ ಮೇಲೆ ಹಾಲು ಉಕ್ಕಿತು. ಬಿಟ್ಟೆ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಹಾಲು ಉಕ್ಕಿತು ಎನ್ನುವುದರಿಂದಲೇ ಶುರು ಮಾಡಿ, ಫ್ರೆಂಚಿನಲ್ಲಿ, ಬೇಕರಿಯ ಯಜಮಾನರ ಪಂಕ್ತಿಭೇದದ ಕಥೆಯನ್ನೆಲ್ಲ ಹೇಳತೊಡಗಿದೆ.

"ಹೂಂ" ಎಂದಳು ಅವಳು. ಮುಂದುವರಿಸಿದೆ.